ಮನೆಯೇ ಮೊದಲನೆಯ ಪಾಠಶಾಲೆ
(ತಂದೆತಾಯಿಗಳಿಗೂ ಅಜ್ಜಅಜ್ಜಿಯರಿಗೂ ಒಂದು ಪಾಠ)



ಏಳು ವರುಷದೊಳಗಿನ ಚಿಕ್ಕ ಮಕ್ಕಳಿಗೆ ಮನೆಯಲ್ಲಿಯೇ ಆಟದ ಮೂಲಕ ವಿದ್ಯೆಯನ್ನೂ ಭಕ್ತಿಯನ್ನೂ ಕಲಿಸುವದು ಹೇಗೆಂಬದೇ ಈ ತಿಂಗಳಿನ ಪಾಠವು. ಈ ಮಾತನ್ನು ಕೇಳಿದ ಕೂಡಲೆ ನಮ್ಮ ಹಳ್ಳಿಯ ಸಭೆಗಳಲ್ಲಿ ಅನೇಕರು, “ನಾವು ಅಕ್ಷರ ಬಲ್ಲವರಲ್ಲ, ಓದು ಕಲಿಸುವದು ಮೇಷ್ಟರ ಕೆಲಸ, ಪ್ರಾರ್ಥನೆ ಕಲಿಸುವದು ಉಪದೇಶಿಯ ಕೆಲಸ” ಎಂದು ಹೇಳಿ ಹಿಂಜರಿಯುತ್ತಾರೆ. ಇದು ದೀನತೆಯ ಮಾತಿನಂತೆ ಕೇಳಿಸಿದರೂ ಇದರಿಂದ ಮಕ್ಕಳಿಗೆ ಆಗುವ ನಷ್ಟವು ದೊಡ್ಡದು. ಮೇಷ್ಟರು ಮಗುವನ್ನು ಕಾಣುವದು ದಿನಕ್ಕೆ ಕೆಲವು ಗಂಟೆ. ಉಪದೇಶಿಯು ಕಾಣುವದು ವಾರಕ್ಕೆ ಒಂದೆರಡು ಗಂಟೆ. ಉಳಿದ ಹೊತ್ತೆಲ್ಲಾ ಮಗುವು ನಮ್ಮ ಕೈಯಲ್ಲಿದೆ. ಆ ಹೊತ್ತನ್ನು ನಾವು ಬರಿದಾಗಿ ಬಿಟ್ಟರೆ ಬೇರೆ ಯಾವದಾದರೊಂದು ಅದನ್ನು ತುಂಬುವದು ನಿಶ್ಚಯ.

೧. ಸತ್ಯವೇದವು ತೋರಿಸುವ ಕ್ರಮ

ಧರ್ಮೋಪದೇಶಕಾಂಡದ ೬ನೆಯ ಅಧ್ಯಾಯವನ್ನು ತೆರೆದು ನೋಡೋಣ. ಮಕ್ಕಳಿಗೆ ಕಲಿಸಬೇಕೆಂದು ಮೋಶೆಯು ಆಜ್ಞಾಪಿಸುವಾಗ ಹಲಗೆಯನ್ನಾಗಲಿ ಬಳಪವನ್ನಾಗಲಿ ಹೆಸರಿಸಲಿಲ್ಲ. ಮನೆಯಲ್ಲಿ ಕೂತಿರುವ ಹೊತ್ತು, ದಾರಿ ನಡೆಯುವ ಹೊತ್ತು, ಮಲಗುವ ಹೊತ್ತು, ಏಳುವ ಹೊತ್ತು, ಇವುಗಳನ್ನೇ ಪಾಠದ ವೇಳೆಯಾಗಿ ನೇಮಿಸಿದನು. ಈ ನಾಲ್ಕು ವೇಳೆಗಳು ಓದು ಬಾರದ ಕೂಲಿಯವನಿಗೂ ಉಂಟು.

ಯೆಹೋಶುವನ ಪುಸ್ತಕದ ೪ನೆಯ ಅಧ್ಯಾಯದಲ್ಲಿ ಇನ್ನೂ ಸ್ಪಷ್ಟವಾದ ಮಾದರಿಯಿದೆ. ಯೊರ್ದನ್ ಹೊಳೆಯ ನಡುವಿನಿಂದ ೧೨ ಕಲ್ಲುಗಳನ್ನು ಹೊತ್ತು ತಂದು ಗಿಲ್ಗಾಲಿನಲ್ಲಿ ನಿಲ್ಲಿಸಿದರು. ಮುಂದೆ ಮಕ್ಕಳು ಆ ಕಲ್ಲುಗಳನ್ನು ನೋಡಿ ಕೇಳುವರೆಂದೂ ಆಗ ತಂದೆಗಳು ಉತ್ತರ ಕೊಡಬೇಕೆಂದೂ ಅಲ್ಲಿ ಹೇಳಿದೆ. ಇದರ ಕ್ರಮವನ್ನು ಗಮನಿಸಿರಿ: ಮೊದಲು ಕಣ್ಣಿಗೆ ಕಾಣುವ ಒಂದು ವಸ್ತು, ಆಮೇಲೆ ಮಗುವಿನ ಪ್ರಶ್ನೆ, ಕಡೆಯಲ್ಲಿ ಹಿರಿಯರ ಉತ್ತರ. ನಾವಾದರೋ ಉತ್ತರದಿಂದಲೇ ಆರಂಭಿಸಿ ಮಗುವು ಕೇಳುವದಕ್ಕೆ ಎಡೆಗೊಡುವದೇ ಇಲ್ಲ.

ನಮ್ಮ ಕರ್ತನು ಸಹ ಹಕ್ಕಿ, ಹೂವು, ದೀಪ, ಹುಳಿಹಿಟ್ಟು ಇವುಗಳನ್ನು ತೋರಿಸಿ ಬೋಧಿಸಿದನು. ಮತ್ತಾಯನ ಸುವಾರ್ತೆಯ ೧೧ನೆಯ ಅಧ್ಯಾಯದಲ್ಲಿ ಪೇಟೆಯ ಮಕ್ಕಳ ಆಟವನ್ನೇ ಉಪಮಾನವಾಗಿ ತೆಗೆದುಕೊಂಡನು. ಆದಕಾರಣ ಆಟವು ಭಕ್ತಿಗೆ ಹೊರಗಾದದ್ದೆಂದು ನಾವು ಎಣಿಸಬಾರದು.

ಹೊಸದಾಗಿ ನಂಬಿದ ಮನೆಗಳಿಗೆ ತಿಮೊಥೆಯನ ಸಂಗತಿಯು ವಿಶೇಷವಾದ ಆದರಣೆಯನ್ನು ಕೊಡುತ್ತದೆ. ಅವನ ತಂದೆಯು ಗ್ರೀಕನು. ತಾಯಿಯಾದ ಯೂನೀಕೆಯು ನಂಬಿದವಳು. ಆಕೆಗೆ ಮೊದಲು ಅಜ್ಜಿಯಾದ ಲೋವಿಯು ನಂಬಿದವಳು. ಪೌಲನು ತಿಮೊಥೆಯನ ನಂಬಿಕೆಯನ್ನು ಹೊಗಳುವಾಗ ಈ ಇಬ್ಬರು ಹೆಂಗಸರನ್ನೇ ಜ್ಞಾಪಿಸುತ್ತಾನೆ. ಮನೆಯಲ್ಲಿ ಒಬ್ಬರೇ ನಂಬಿದವರಾಗಿದ್ದರೂ ಕಲಿಸುವ ಕೆಲಸವು ನಿಲ್ಲಬೇಕಾದದ್ದಿಲ್ಲ.

೨. ಬೇರೆಯವರು ಕಂಡುಕೊಂಡದ್ದು

ಜರ್ಮನಿ ದೇಶದಲ್ಲಿ ಬೋಧಕರೊಬ್ಬರ ಮಗನಾದ ಫ್ರೋಬೆಲ್ ಎಂಬವರು ೧೮೩೭ರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಶಾಲೆಯನ್ನು ಆರಂಭಿಸಿ, ಅದಕ್ಕೆ “ಮಕ್ಕಳ ತೋಟ” ಎಂಬ ಅರ್ಥವುಳ್ಳ ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ಕೊಟ್ಟರು. ಚೆಂಡು, ಮರದ ತುಂಡು, ಹಾಡು, ತೋಟದ ಕೆಲಸ ಇವೇ ಅಲ್ಲಿಯ ಪಾಠಗಳು. ಅದಕ್ಕಿಂತ ಮೊದಲೇ ನಮ್ಮ ದೇಶದ ಹಳ್ಳಿಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮದರಾಸಿನಲ್ಲಿ ಅನಾಥಶಾಲೆಯನ್ನು ನಡಿಸುತ್ತಿದ್ದ ಆಂಡ್ರೂ ಬೆಲ್ ಎಂಬ ಬೋಧಕರು ಇದನ್ನು ಕಂಡು ತಮ್ಮ ಶಾಲೆಯಲ್ಲಿ ಬಳಸಿ, ೧೭೯೭ರಲ್ಲಿ ಆ ವಿಷಯವಾಗಿ ಪುಸ್ತಕವನ್ನು ಪ್ರಕಟಿಸಿದರು. ಹೀಗೆ ನಮ್ಮ ಮರಳಿನ ಪಾಠವು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೂ ಹೋಯಿತು.

ನಮ್ಮ ರಾಜ್ಯದಲ್ಲಿಯೇ ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ “ನಲಿ ಕಲಿ” ಎಂಬ ಪದ್ಧತಿಯು ಆರಂಭವಾಗಿ, ೨೦೦೯ರಿಂದ ಸರ್ಕಾರದ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲಾ ಹಬ್ಬಿತು. ಹೆಸರಿನಲ್ಲಿಯೇ ಅದರ ತತ್ತ್ವವಿದೆ: ಮಗುವು ನಲಿಯುತ್ತಾ ಕಲಿಯಬೇಕು, ತನ್ನ ನಡಿಗೆಯ ವೇಗದಲ್ಲಿ ಮುಂದೆ ಸಾಗಬೇಕು.

೩. ಮನೆಯಲ್ಲಿ ಮಾಡತಕ್ಕ ನಾಲ್ಕು ಆಟಗಳು

ಅಕ್ಷರದ ಆಟ. ಒಂದು ಮೊರದಲ್ಲಿಯಾಗಲಿ ತಟ್ಟೆಯಲ್ಲಿಯಾಗಲಿ ರಾಗಿಯನ್ನೋ ನುಣುಪಾದ ಮರಳನ್ನೋ ಹರಡಿರಿ. ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸಿರಿ. ತಪ್ಪಿದರೆ ತಟ್ಟೆಯನ್ನು ಅಲುಗಾಡಿಸಿದರೆ ಸಾಕು, ತಪ್ಪು ಅಳಿದುಹೋಗುತ್ತದೆ, ಗದರಿಕೆಯ ಅಗತ್ಯವಿಲ್ಲ. ನಲಿ ಕಲಿಯಲ್ಲಿ ಅಆಇಈ ಎಂಬ ಸಾಲಿನಿಂದಲ್ಲ, ಬರೆಯಲು ಸುಲಭವಾದ ರ, ಗ, ಸ, ದ, ಅ ಎಂಬ ಐದರಿಂದ ಆರಂಭಿಸುತ್ತಾರೆ. ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ದಸರ, ಗರಗಸ ಎಂಬ ಮಾತುಗಳನ್ನು ಕಟ್ಟಬಹುದು. ವಾರದೊಳಗೆ ತಾನೇ ಒಂದು ಮಾತನ್ನು ಓದಿದೆನೆಂಬ ಸಂತೋಷವು ಮಗುವಿಗೆ ಸಿಕ್ಕುತ್ತದೆ. ತಾಯಿಗೆ ಅಕ್ಷರ ಬಾರದಿದ್ದರೆ ಶಾಲೆಗೆ ಹೋಗುವ ಅಕ್ಕನು ತಿದ್ದಿಸಲಿ, ತಾಯಿಯೂ ಮಗುವಿನೊಡನೆ ಕೂತು ಕಲಿಯಲಿ. ಇದರಲ್ಲಿ ನಾಚಿಕೆ ಯಾವದೂ ಇಲ್ಲ.

ಲೆಕ್ಕದ ಆಟ. ಅಳಿಗುಳಿ ಮಣೆಯಲ್ಲಿ ಸಾಲಿಗೆ ೭ರಂತೆ ೧೪ ಗುಳಿಗಳು. ಗುಳಿಗೆ ೫ ಹುಣಸೇಬೀಜ ಹಾಕಿದರೆ ಎಷ್ಟು ಬೀಜ ಬೇಕೆಂದು ಕೇಳಿರಿ. ಮಗುವು ಎಣಿಸಿ ೭೦ ಎಂದು ಕಂಡುಕೊಳ್ಳಲಿ. ಗುಳಿಗೆ ೪ ಹಾಕಿದರೆ ೫೬. ಮಣೆಯಿಲ್ಲದಿದ್ದರೆ ಅಂಗಳದ ಮಣ್ಣಿನಲ್ಲಿ ಗುಳಿ ತೋಡಿದರೆ ಸಾಕು. ಚೌಕಾಬಾರದಲ್ಲಿ ೪ ಕವಡೆಗಳನ್ನು ಎಸೆದು, ಬಾಯಿ ಮೇಲಾದವುಗಳನ್ನು ಎಣಿಸಿ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬೋರಲಾದರೆ ೮. ಕೂಡುವದೂ ಮುಂದಾಲೋಚಿಸುವದೂ ತನ್ನ ಸರದಿಗಾಗಿ ಕಾಯುವದೂ ಇದರಲ್ಲಿವೆ. ಅಡಿಗೆಯ ಹೊತ್ತಿನಲ್ಲಿ ಪಾವನ್ನು ಮಗುವಿನ ಕೈಗೆ ಕೊಟ್ಟು, ಸೇರು ತುಂಬುವದಕ್ಕೆ ಎಷ್ಟು ಪಾವು ಹಿಡಿಯಿತೆಂದು ಕೇಳಿರಿ. ನಾಲ್ಕೆಂದು ಬಾಯಿಪಾಠ ಹೇಳುವದಕ್ಕಿಂತ ತಾನೇ ಅಳೆದು ನೋಡಿದ ನಾಲ್ಕು ಬಹುಕಾಲ ನೆನಪಿರುತ್ತದೆ.

ಬೀಜದ ಆಟ. ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣು ತುಂಬಿ ಸಾಸಿವೆಯನ್ನೂ ಹುರಳಿಯನ್ನೂ ಬಿತ್ತಿರಿ. ಪ್ರತಿದಿನ ಬೆಳಿಗ್ಗೆ ನೋಡಿ ಮಗುವು ಒಂದು ಗೆರೆ ಎಳೆಯಲಿ. ಕೆಲವೇ ದಿನಗಳಲ್ಲಿ ಮೊಳಕೆಯು ಕಾಣುವಾಗ ಎಷ್ಟು ಗೆರೆಗಳಾದವೆಂದು ಎಣಿಸಲಿ. ಆ ದಿನ ಮಾರ್ಕನ ಸುವಾರ್ತೆಯ ೪ನೆಯ ಅಧ್ಯಾಯದಲ್ಲಿ ಬಿತ್ತಿದವನು ಮಲಗಿ ಎದ್ದಿರುವಾಗಲೇ ಬೀಜವು ಬೆಳೆದ ಸಾಮ್ಯವನ್ನು ಹೇಳಿರಿ. ಹಾಗೆಯೇ ಇಡ್ಲಿಯ ಹಿಟ್ಟನ್ನು ರಾತ್ರಿ ಪಾತ್ರೆಯಲ್ಲಿಟ್ಟು, ಅದರ ಮಟ್ಟಕ್ಕೆ ಹೊರಗಡೆ ಮಸಿಯಿಂದ ಗುರುತು ಮಾಡಿಸಿರಿ. ಬೆಳಿಗ್ಗೆ ಹಿಟ್ಟು ಗುರುತನ್ನು ಮೀರಿರುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಿಟ್ಟಿನೊಳಗೆ ವಾಯುವನ್ನು ಹುಟ್ಟಿಸಿ ಅದನ್ನು ಉಬ್ಬಿಸುತ್ತವೆ. ದೇವರ ರಾಜ್ಯವು ಹುಳಿಹಿಟ್ಟಿನಂತೆ ಮರೆಯಾಗಿ ಕೆಲಸಮಾಡುವದೆಂಬ ಬೋಧನೆಯನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವದು ಕಷ್ಟ.

ಕಲ್ಲನ್ನು ಕೇಳುವ ಆಟ. ಗಿಲ್ಗಾಲಿನ ಕ್ರಮವೇ ಇದು. ಮಗುವಿನೊಡನೆ ನಡೆದುಹೋಗಿ ಒಂದು ಹಳೆಯ ಕಲ್ಲಿನ ಮುಂದೆ ನಿಂತು, ಅದು ಕೇಳುವ ತನಕ ಕಾದಿರಿ. ನಮ್ಮ ಊರುಗಳಲ್ಲಿ ವೀರಗಲ್ಲು, ಮೇರೆಕಲ್ಲು, ಕಲ್ಲುಬಾವಿ ಇಲ್ಲದ ಕಡೆ ಕಡಿಮೆ. ಅದರ ಕಥೆಯನ್ನು ಬಲ್ಲ ಹಿರಿಯರ ಹತ್ತಿರ ಮಗುವನ್ನು ಕರೆದುಕೊಂಡು ಹೋಗಿರಿ.

೪. ಬೆಂಗಳೂರಿಗೆ ಹೋದ ನಮ್ಮ ಕುಟುಂಬಗಳು

ಹಳ್ಳಿಯ ಸಭೆಗಳಿಂದ ಅನೇಕ ಯುವ ಕುಟುಂಬಗಳು ಜೀವನಾರ್ಥವಾಗಿ ಬೆಂಗಳೂರಿನ ದಕ್ಷಿಣ ಭಾಗವನ್ನು ಸೇರಿವೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಸಂದುಗಳಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ತಂದೆತಾಯಿಗಳಿಬ್ಬರಿಗೂ ದುಡಿಮೆ, ಅಂಗಳವಿಲ್ಲ, ಅಜ್ಜಿಯಿಲ್ಲ. ಅಳುವ ಮಗುವಿನ ಕೈಗೆ ಮೊಬೈಲ್ ಫೋನನ್ನು ಕೊಟ್ಟು ಸುಮ್ಮನಾಗಿಸುವದು ಅಲ್ಲಿ ಸುಲಭವಾದ ದಾರಿಯಾಗಿದೆ. ದಣಿದು ಬಂದ ತಾಯಿಯನ್ನು ನಾವು ದೂರುವದಿಲ್ಲ. ಆದರೂ ಲೋಕದ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಕೊಟ್ಟ ಸಲಹೆಯನ್ನು ತಿಳಿದಿರುವದು ಒಳ್ಳೇದು: ಎರಡು ವರುಷದೊಳಗಿನ ಕೂಸುಗಳಿಗೆ ಇಂಥ ಪರದೆಯ ನೋಟವು ಬೇಡ, ಎರಡರಿಂದ ನಾಲ್ಕು ವರುಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಉತ್ತಮ. ಕಾರಣವೇನಂದರೆ ಚಿಕ್ಕ ಮಗುವು ಮಾತನ್ನು ಕಲಿಯುವದು ತಾನು ನುಡಿದದ್ದಕ್ಕೆ ಮರುನುಡಿಯುವ ಮುಖವನ್ನು ನೋಡಿ. ಪರದೆಯ ಚಿತ್ರವು ಮಗುವಿನ ಪ್ರಶ್ನೆಗೆ ಕಾಯುವದಿಲ್ಲ.

ಆ ನಗರದಲ್ಲಿಯೂ ಕಲ್ಲುಗಳಿವೆ. ಜಯನಗರಕ್ಕೆ ಹತ್ತಿರದಲ್ಲಿರುವ ಲಾಲ್‌ಬಾಗನ್ನು ೧೭೬೦ರಲ್ಲಿ ಹೈದರಾಲಿಯು ಆರಂಭಿಸಿದನು. ಅದರೊಳಗಿನ ಬಂಡೆಯು ಸುಮಾರು ೩೦೦ ಕೋಟಿ ವರುಷಗಳಷ್ಟು ಹಳೆಯದೆಂದು ಭೂಮಿಶಾಸ್ತ್ರಜ್ಞರು ಹೇಳುತ್ತಾರೆ. ಅದರ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವೊಂದಿದೆ. ಬೆಟ್ಟಗಳು ಹುಟ್ಟುವದಕ್ಕೆ ಮುಂಚೆಯೂ ದೇವರು ಇದ್ದಾನೆಂಬ ಮಾತನ್ನು ಮಗುವಿಗೆ ಹೇಳುವದಕ್ಕೆ ಅದಕ್ಕಿಂತ ತಕ್ಕ ಸ್ಥಳವುಂಟೋ? ಜಯನಗರದ ಅಶೋಕ ಸ್ತಂಭವು ೧೯೪೮ರಲ್ಲಿ ರಾಜಗೋಪಾಲಾಚಾರ್ಯರ ಕೈಯಿಂದ ಆ ಬಡಾವಣೆಯು ಆರಂಭವಾದದ್ದಕ್ಕೆ ಗುರುತು. ಅಲ್ಲಿಂದ ದಕ್ಷಿಣಕ್ಕೆ ಬೇಗೂರಿನಲ್ಲಿ ಸುಮಾರು ಕ್ರಿ.ಶ. ೮೯೦ರ ವೀರಗಲ್ಲಿನ ಶಾಸನವೊಂದಿದ್ದು, ಅದರಲ್ಲಿ ಬೆಂಗಳೂರೆಂಬ ಹೆಸರು ಕಾಣುತ್ತದೆ. ಬಿ.ಟಿ.ಎಂ. ಎಂಬ ಮೂರಕ್ಷರದಲ್ಲಿಯೂ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆ. ಇದನ್ನು ಒಗಟಾಗಿ ಕೇಳಿದರೆ, ತಾನು ಕಾಣುವ ದೊಡ್ಡ ನಗರವೂ ಒಂದು ಕಾಲದಲ್ಲಿ ತನ್ನ ಅಜ್ಜನ ಊರಿನಂತೆಯೇ ಇತ್ತೆಂದು ಮಗುವು ತಿಳಿಯುವದು. ತನ್ನ ಊರಿನ ವಿಷಯದಲ್ಲಿ ನಾಚದು.

ಹಳ್ಳಿಯಲ್ಲಿರುವ ಅಜ್ಜಅಜ್ಜಿಯರೇ, ನಿಮಗೂ ಇಲ್ಲಿ ಕೆಲಸವುಂಟು. ಅದೇ ಫೋನಿನಲ್ಲಿ ವಾರಕ್ಕೆ ಎರಡು ಸಂಜೆ ಮೊಮ್ಮಗುವಿಗೆ ಒಂದು ಒಗಟನ್ನೂ ಸತ್ಯವೇದದ ಒಂದು ಕಥೆಯನ್ನೂ ಹೇಳಿರಿ. ಮಧ್ಯದಲ್ಲಿ ನಿಲ್ಲಿಸಿ, ಮುಂದೇನಾಯಿತೆಂದು ಮಗುವನ್ನೇ ಕೇಳಿರಿ. ಲೋವಿಯ ಕೆಲಸವನ್ನು ಮಾಡುವದಕ್ಕೆ ಈಗ ದೂರವು ಅಡ್ಡಿಯಲ್ಲ.

೫. ಎಚ್ಚರಿಕೆಗಳು

ಮೂರು ವರುಷದೊಳಗಿನವರ ಕೈಗೆ ಬೀಜ, ಕವಡೆ, ಗೋಲಿ ಮುಂತಾದವುಗಳನ್ನು ಕೊಡಬಾರದು. ಅವು ಗಂಟಲಲ್ಲಿ ಸಿಕ್ಕಿ ಪ್ರಾಣಾಪಾಯವಾಗಬಹುದು. ಅವರಿಗೆ ಲೋಟ, ಬುಟ್ಟಿ, ಬಟ್ಟೆಯ ಚೆಂಡು ಸಾಕು. ಕವಡೆಯ ಆಟಕ್ಕೆ ಹಣದ ಪಂಥವನ್ನು ಎಂದಿಗೂ ಕಟ್ಟಬಾರದು. ಹಾಗೆ ಮಾಡಿದರೆ ಅದು ಜೂಜಾಗಿ, ಎಷ್ಟೋ ಮನೆಗಳನ್ನು ಕೆಡಿಸಿದ ದಾರಿಗೆ ಮಗುವನ್ನು ನಾವೇ ಎಳೆದಂತಾಗುವದು. ಸೋತವನನ್ನು ಹಾಸ್ಯಮಾಡಬಾರದು. ಹುಡುಗನು ಆಡುವಾಗ ಹುಡುಗಿಯನ್ನು ಪಾತ್ರೆ ತೊಳೆಯುವದಕ್ಕೆ ಎಬ್ಬಿಸಬಾರದು; ಪಾತ್ರೆಗಳನ್ನು ಇಬ್ಬರೂ ತೊಳೆಯಲಿ, ಮಣೆಯ ಮುಂದೆ ಇಬ್ಬರೂ ಕೂರಲಿ. ಕಾಲು ಗಂಟೆ ಸಾಕು; ಮಗುವು ಇನ್ನೂ ಬೇಕೆನ್ನುವಾಗಲೇ ನಿಲ್ಲಿಸುವದು ಲೇಸು.

ಪ್ರಿಯರೇ, ಇವುಗಳಿಗೆಲ್ಲಾ ಬೇಕಾದದ್ದು ಒಂದು ಹಿಡಿ ರಾಗಿ, ಕೆಲವು ಬೀಜಗಳು, ಒಂದು ಚಿಪ್ಪು, ದಿನಕ್ಕೆ ಕಾಲು ಗಂಟೆ. ಕೊರತೆಯಾಗಿರುವದು ಹಣವಲ್ಲ, ಮಗುವಿನ ಪಕ್ಕದಲ್ಲಿ ಕೂರುವ ಮನಸ್ಸೇ. ಆ ಮನಸ್ಸನ್ನು ಕರ್ತನು ನಮ್ಮೆಲ್ಲರಿಗೂ ದಯಪಾಲಿಸಲಿ.

ಸಭೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ಧರ್ಮೋಪದೇಶಕಾಂಡವು ಹೇಳುವ ನಾಲ್ಕು ವೇಳೆಗಳಲ್ಲಿ ನಮ್ಮ ಮನೆಯಲ್ಲಿ ಬರಿದಾಗಿ ಹೋಗುವದು ಯಾವದು?
೨. ನಮ್ಮ ಊರಿನಲ್ಲಿ ಮಕ್ಕಳು ಕೇಳತಕ್ಕ ಕಲ್ಲು ಯಾವದು? ಅದರ ಕಥೆಯನ್ನು ಬಲ್ಲವರು ಯಾರು?
೩. ಬೆಂಗಳೂರಿನಲ್ಲಿರುವ ನಮ್ಮ ಸಭೆಯ ಮಕ್ಕಳು ಎಷ್ಟು ಮಂದಿ? ಈ ವಾರ ಅವರಿಗೆ ಕಥೆ ಹೇಳುವವರು ಯಾರು?