ಕೋರಿಕೆ, ಸ್ವೀಕೃತಿ, ಉತ್ತರ: ಯುಪಿಐ ಸರ್ವರ್ ಮತ್ತು ಅದರ ಕ್ಲಯಂಟ್ ತಂತ್ರಾಂಶಗಳು

ದೂರದಲ್ಲಿರುವ ಗಣಕಯಂತ್ರವೊಂದಕ್ಕೆ ಸಂಪರ್ಕ ಜಾಲದ ಮೂಲಕ ಕೋರಿಕೆ ಸಲ್ಲಿಸಿ, ಅದರಿಂದ ಕೆಲಸ ಮಾಡಿಸಿಕೊಂಡು ಉತ್ತರ ಪಡೆಯುವ ತಂತ್ರಾಂಶವನ್ನು ಕ್ಲಯಂಟ್ ಎಂದೂ, ಕೋರಿಕೆಯನ್ನು ಸ್ವೀಕರಿಸಿ ಕೆಲಸ ನಡೆಸಿಕೊಡುವ ಯಂತ್ರವನ್ನು ಸರ್ವರ್ ಎಂದೂ ಕರೆಯಲಾಗುತ್ತದೆ. ಕ್ಲಯಂಟ್ ಪದವನ್ನು ‘ಗ್ರಾಹಕ’ ಎಂದು ಅನುವಾದಿಸುವುದುಂಟಾದರೂ, ಬ್ಯಾಂಕಿನ ವಿಷಯ ಬಂದಾಗ ಅದು ಖಾತೆದಾರನೋ ತಂತ್ರಾಂಶವೋ ಎಂಬ ಗೊಂದಲಕ್ಕೆ ಎಡೆಯಾಗುತ್ತದೆ; ‘ಕಕ್ಷಿದಾರ’ ಎಂದರೆ ನ್ಯಾಯಾಲಯದ ನೆನಪಾಗುತ್ತದೆ. ಆದ್ದರಿಂದ ಇಲ್ಲಿ ಮೂಲ ಪದವನ್ನೇ ಉಳಿಸಿಕೊಳ್ಳಲಾಗಿದೆ.

ಕೆಲವು ಸರ್ವರ್‌ಗಳು ಒಂದು ಪ್ರಶ್ನೆಗೆ ಒಂದು ಉತ್ತರ ಕೊಟ್ಟು ಸುಮ್ಮನಾಗುತ್ತವೆ. ಇನ್ನು ಕೆಲವು, ಕಚೇರಿಯಲ್ಲಿ ಕಡತವು ಮೇಜಿನಿಂದ ಮೇಜಿಗೆ ಸಾಗುವಂತೆ, ಒಂದೇ ಕೆಲಸವನ್ನು ಹಲವು ಹಂತಗಳಲ್ಲಿ, ಹಲವು ಸಂಸ್ಥೆಗಳ ನಡುವೆ ತಾವೇ ಸಾಗಿಸುತ್ತವೆ. ಈ ಎರಡನೆಯ ಬಗೆಗೆ ನಮ್ಮ ನಿತ್ಯಜೀವನದ ಅತ್ಯಂತ ಪರಿಚಿತ ನಿದರ್ಶನವೆಂದರೆ ಯುಪಿಐ. ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಪ್ರಧಾನ ಕಚೇರಿಯನ್ನು ಹೊಂದಿರುವ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಇದನ್ನು ನಡೆಸುತ್ತಿದೆ. 2008ರಲ್ಲಿ ಸ್ಥಾಪಿತವಾದ ಈ ನಿಗಮವು 2010ರಲ್ಲಿ ಐಎಂಪಿಎಸ್ ಎಂಬ ತಕ್ಷಣ ಪಾವತಿ ಸೇವೆಯನ್ನು ಆರಂಭಿಸಿತು. ಅದರ ತಳಹದಿಯ ಮೇಲೆಯೇ ಯುಪಿಐ ರೂಪುಗೊಂಡಿತು. 2016ರ ಏಪ್ರಿಲ್ 11ರಂದು, 21 ಬ್ಯಾಂಕುಗಳ ಸಹಭಾಗಿತ್ವದಲ್ಲಿ ಅದರ ಪ್ರಾಯೋಗಿಕ ಆರಂಭವಾಯಿತು.

ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಉಪಾಹಾರ ಮುಗಿಸಿದ ಒಬ್ಬರು ಗಲ್ಲಾಪೆಟ್ಟಿಗೆಯ ಬಳಿಯ ಸಂಕೇತ ಚೌಕವನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿ 85 ರೂಪಾಯಿ ಪಾವತಿಸಿದರೆನ್ನೋಣ. ಮೊಬೈಲಿನ ಆ್ಯಪ್ ಮೊದಲಿಗೆ ತನ್ನ ಪ್ರಾಯೋಜಕ ಬ್ಯಾಂಕಿಗೆ ತಿಳಿಸುತ್ತದೆ. ಆ ಬ್ಯಾಂಕು ನಿಗಮದ ಸರ್ವರಿಗೆ ಪಾವತಿ ಕೋರಿಕೆಯನ್ನು ಕಳುಹಿಸುತ್ತದೆ. ಸರ್ವರು ಹೋಟೆಲಿನ ಯುಪಿಐ ವಿಳಾಸದ ಹಿಂದಿರುವ ಖಾತೆ ಯಾವುದೆಂದು ಆ ಕಡೆಯ ಬ್ಯಾಂಕನ್ನು ವಿಚಾರಿಸುತ್ತದೆ. ಬಳಿಕ ಗಿರಾಕಿಯ ಬ್ಯಾಂಕಿಗೆ ‘ಹಣ ಕಡಿತ ಮಾಡಿ’ ಎಂದೂ, ಅದು ಆದ ಮೇಲೆ ಹೋಟೆಲಿನ ಬ್ಯಾಂಕಿಗೆ ‘ಹಣ ಜಮೆ ಮಾಡಿ’ ಎಂದೂ ಸಂದೇಶ ಹೋಗುತ್ತದೆ. ಕೊನೆಗೆ ಎರಡೂ ಕಡೆಗೆ ಫಲಿತಾಂಶವನ್ನು ತಿಳಿಸಲಾಗುತ್ತದೆ. ಈ ಸಂದೇಶಗಳೆಲ್ಲವೂ ಎಕ್ಸ್‌ಎಂಎಲ್ ಎಂಬ ನಿಗದಿತ ನಮೂನೆಯಲ್ಲಿದ್ದು, ಕಳುಹಿಸಿದವರ ಡಿಜಿಟಲ್ ಸಹಿಯನ್ನು ಹೊಂದಿರುತ್ತವೆ. ಗಿರಾಕಿಯು ಒತ್ತುವ ಗುಪ್ತ ಪಿನ್ ಮಾತ್ರ ಆ್ಯಪ್ ತಯಾರಿಸಿದವರ ಕಣ್ಣಿಗೂ ಬೀಳುವುದಿಲ್ಲ. ನಿಗಮವೇ ಒದಗಿಸಿರುವ ತಂತ್ರಾಂಶದ ಭಾಗವೊಂದು ಅದನ್ನು ಗೂಢಲಿಪಿಗೆ ತಿರುಗಿಸುತ್ತದೆ.

ಕರಾವಳಿಯಿಂದ ಬಂದು ಮುಂಬಯಿಯ ಬ್ಯಾಂಕುಗಳಲ್ಲಿ ಸೇವೆ ಸಲ್ಲಿಸಿದ ಹಿರಿಯರಿಗೆ ಈ ಕ್ರಮ ಹೊಸದೆನಿಸದು. ಚೆಕ್ಕುಗಳ ಕಟ್ಟು ಕ್ಲಿಯರಿಂಗ್ ಹೌಸಿಗೆ ಹೋಗಿ, ಅಲ್ಲಿಂದ ಆಯಾ ಬ್ಯಾಂಕಿಗೆ ಸೇರಿ, ಹಣವಿಲ್ಲದಿದ್ದರೆ ಹಿಂದಿರುಗುತ್ತಿದ್ದ ಪದ್ಧತಿಯೇ ಇಲ್ಲಿ ಸೆಕೆಂಡುಗಳಿಗೆ ಇಳಿದಿದೆ. ಆದರೆ ಚೆಕ್ಕಿನ ಕಾಲದಲ್ಲಿ ಗುಮಾಸ್ತರ ವಿವೇಚನೆಗೆ ಬಿಟ್ಟಿದ್ದ ಎಷ್ಟೋ ಸಂಗತಿಗಳನ್ನು ಈಗ ಕ್ಲಯಂಟ್ ತಂತ್ರಾಂಶದಲ್ಲಿ ಮೊದಲೇ ಬರೆದಿಡಬೇಕಾಗಿದೆ. ಕಷ್ಟವಿರುವುದು ಅಲ್ಲಿಯೇ.

ಕೋರಿಕೆ ತಲುಪಿದೊಡನೆ ಸರ್ವರು ಸ್ವೀಕೃತಿಯನ್ನು ಕಳುಹಿಸುತ್ತದೆ. ಇದು ಕಚೇರಿಯ ಆವಕ ವಿಭಾಗದಲ್ಲಿ ಅರ್ಜಿಯ ಮೇಲೆ ಒತ್ತುವ ಮೊಹರಿನಂತೆ: ಅರ್ಜಿ ತಲುಪಿದೆ ಎಂದಷ್ಟೇ ಅದರ ಅರ್ಥ, ಮಂಜೂರಾಗಿದೆ ಎಂದಲ್ಲ. ನಿಜವಾದ ಉತ್ತರವು ಎಲ್ಲ ಹಂತಗಳೂ ಮುಗಿದ ಮೇಲೆ ಬೇರೆ ಸಂದೇಶವಾಗಿ ಬರುತ್ತದೆ. ಸ್ವೀಕೃತಿಯನ್ನೇ ಯಶಸ್ಸೆಂದು ತಿಳಿಯುವ ಕ್ಲಯಂಟ್, ಹಣ ಜಮೆಯಾಗುವ ಮೊದಲೇ ಹೋಟೆಲಿನವರಿಗೆ ‘ಸಂದಾಯವಾಯಿತು’ ಎಂದು ತೋರಿಸಿಬಿಡುತ್ತದೆ.

ಉತ್ತರವೇ ಬಾರದಿದ್ದರೆ? ಆ ಮೌನವನ್ನು ‘ಇಲ್ಲ’ ಎಂದು ಓದಿಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಹಣ ಕಡಿತವಾಗಿ, ಉತ್ತರ ಮಾತ್ರ ದಾರಿಯಲ್ಲಿ ನಿಂತಿರಬಹುದು. ಆಗ ಹೊಸದಾಗಿ ಪಾವತಿ ಕೋರಿಕೆ ಸಲ್ಲಿಸಿದರೆ 85 ರೂಪಾಯಿಯ ಜಾಗದಲ್ಲಿ 170 ಹೋಗುವ ಸಂಭವವಿದೆ. ಇದನ್ನು ತಡೆಯಲೆಂದೇ ಪ್ರತಿಯೊಂದು ವ್ಯವಹಾರಕ್ಕೂ 35 ಅಕ್ಷರಗಳ ವಿಶಿಷ್ಟ ಗುರುತನ್ನು ಕೊಡಲಾಗುತ್ತದೆ. ಸುಸಜ್ಜಿತವಾದ ಕ್ಲಯಂಟ್ ಮರಳಿ ಹಣ ಕಳುಹಿಸುವುದಿಲ್ಲ. ಅದೇ ಗುರುತನ್ನು ಹಿಡಿದು ‘ಇದರ ಸ್ಥಿತಿ ಏನು?’ ಎಂದು ವಿಚಾರಿಸುತ್ತದೆ. ಗುರುತಿನ ವಿಷಯದಲ್ಲಿ ನಿಗಮವು ಎಷ್ಟು ಕಟ್ಟುನಿಟ್ಟೆಂದರೆ, 2025ರ ಫೆಬ್ರವರಿ 1ರಿಂದ ಅಕ್ಷರ ಮತ್ತು ಅಂಕಿಗಳ ಹೊರತು ಬೇರೆ ಚಿಹ್ನೆಗಳಿರುವ ಗುರುತುಗಳನ್ನು ಸರ್ವರು ತಿರಸ್ಕರಿಸುತ್ತದೆ.

ಆದರೆ ಸ್ಥಿತಿ ವಿಚಾರಿಸುವ ಈ ಸದ್ಗುಣವೂ ಮಿತಿ ಮೀರಿದರೆ ಏನಾಗುವುದೆಂಬುದಕ್ಕೆ 2025ರ ಏಪ್ರಿಲ್ 12ರ ಘಟನೆ ಸಾಕ್ಷಿಯಾಗಿದೆ. ಅಂದು ಶನಿವಾರ. ದೇಶದಾದ್ಯಂತ ಯುಪಿಐ ಪಾವತಿಗಳು ಹಲವು ಗಂಟೆಗಳ ಕಾಲ ಅಸ್ತವ್ಯಸ್ತವಾದವು. ಯಾವ ಶತ್ರುವೂ ದಾಳಿ ಮಾಡಿರಲಿಲ್ಲ. ಕೆಲವು ಬ್ಯಾಂಕುಗಳ ಕಡೆಯಿಂದ, ಹಳೆಯ ವ್ಯವಹಾರಗಳನ್ನೂ ಒಳಗೊಂಡಂತೆ, ಸ್ಥಿತಿ ವಿಚಾರಣೆಯ ಕೋರಿಕೆಗಳು ಪ್ರವಾಹದೋಪಾದಿಯಲ್ಲಿ ಸರ್ವರಿನ ಮೇಲೆ ಬಿದ್ದುದೇ ಕಾರಣವೆಂದು ನಿಗಮವು ಕಂಡುಕೊಂಡಿತು. ಆ ಒಂದೇ ತಿಂಗಳಲ್ಲಿ ಯುಪಿಐ ಮೂಲಕ ಸುಮಾರು 1,790 ಕೋಟಿ ವ್ಯವಹಾರಗಳು ನಡೆದಿದ್ದವು. ಇಷ್ಟೊಂದು ಭಾರ ಹೊತ್ತಿರುವ ಯಂತ್ರವನ್ನು, ಉತ್ತರ ತಡವಾಯಿತೆಂದು ಮತ್ತೆ ಮತ್ತೆ ಕೇಳಿದಾಗ ಉತ್ತರ ಮತ್ತಷ್ಟು ತಡವಾಗುತ್ತದೆ. ತಡವಾದಷ್ಟೂ ಕೇಳುವವರು ಹೆಚ್ಚುತ್ತಾರೆ. ವಿರಾರ್ ಕಡೆಯ ಲೋಕಲ್ ಗಾಡಿ ತಡವಾದಾಗ ವಿಚಾರಣಾ ಕಿಟಕಿಯ ಮುಂದೆ ನೆರೆಯುವ ಗುಂಪನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅದೇ ತಿಂಗಳು ಹೊರಟ ಸುತ್ತೋಲೆಯು ಬ್ಯಾಂಕುಗಳಿಗೆ ಮಿತಿಯನ್ನು ಗೊತ್ತುಪಡಿಸಿತು: ಮೊದಲ ವಿಚಾರಣೆ 90 ಸೆಕೆಂಡುಗಳ ನಂತರವೇ ಆಗಬೇಕು, ಎರಡು ಗಂಟೆಗಳೊಳಗೆ ಮೂರು ವಿಚಾರಣೆಗಳಿಗಿಂತ ಹೆಚ್ಚು ಕೂಡದು. ಆಗಸ್ಟ್ 1ರಿಂದ ಖಾತೆಯ ಶಿಲ್ಕು ನೋಡುವುದಕ್ಕೂ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಬಾರಿಯ ಮಿತಿ ಬಂದಿತು. ಈ ನಿಯಮಗಳನ್ನು ಸರ್ವರಿನ ಬಾಗಿಲಲ್ಲಿ ಕಾವಲಿಟ್ಟು ಜಾರಿಗೊಳಿಸುವುದಕ್ಕಿಂತ, ಕ್ಲಯಂಟ್ ಬರೆಯುವವರೇ ಕಾಯುವಿಕೆಯನ್ನು ಅದರೊಳಗೆ ಅಳವಡಿಸುವುದು ಮೇಲು. ಬಾಗಿಲವರೆಗೆ ಬಂದು ತಿರಸ್ಕೃತವಾಗುವ ಕೋರಿಕೆಯೂ ಸರ್ವರಿನ ಒಂದಿಷ್ಟು ಶ್ರಮವನ್ನು ತಿಂದೇ ಹೋಗುತ್ತದೆ.

ಸಾರ್ವಜನಿಕರಿಗೂ ಇದು ಅನ್ವಯಿಸುತ್ತದೆ. ‘ಪರಿಶೀಲನೆಯಲ್ಲಿದೆ’ ಎಂದು ತೋರುವಾಗ ಗಲ್ಲಾಪೆಟ್ಟಿಗೆಯ ಮುಂದೆ ಮುಜುಗರಪಟ್ಟು ಕೂಡಲೇ ಇನ್ನೊಮ್ಮೆ ಪಾವತಿಸಬಾರದು. ಹಣ ಕಡಿತವಾಗಿಯೂ ಜಮೆಯಾಗದಿದ್ದಲ್ಲಿ, ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣವು ವ್ಯವಹಾರದ ಮರುದಿನದೊಳಗೆ ಹಾಗೂ ವ್ಯಾಪಾರಿಗೆ ಮಾಡಿದ ಪಾವತಿಯ ಹಣವು ಐದು ದಿನಗಳೊಳಗೆ ತಾನಾಗಿ ಹಿಂದಿರುಗತಕ್ಕದ್ದು. ಅವಧಿ ಮೀರಿದ ಪ್ರತಿಯೊಂದು ದಿನಕ್ಕೂ 100 ರೂಪಾಯಿ ಪರಿಹಾರವು ಖಾತೆದಾರರಿಗೆ ಸಲ್ಲುತ್ತದೆ. ದೂರು ನೀಡುವಾಗ ಆ್ಯಪ್‌ನಲ್ಲಿ ಕಾಣುವ 12 ಅಂಕಿಗಳ ಉಲ್ಲೇಖ ಸಂಖ್ಯೆಯನ್ನು ತಪ್ಪದೆ ನಮೂದಿಸಬೇಕು. ಬ್ಯಾಂಕಿನವರು ಆ ವ್ಯವಹಾರದ ಜಾಡು ಹಿಡಿಯುವುದು ಅದರಿಂದಲೇ.