ಮೀನಿನ ಕರುಳಿನಲ್ಲಿರುವ ಮಿತ್ರರು

ನಮ್ಮ ಸೀಮೆಯಲ್ಲಿ ನೀರಿನ ಮಾತು ಬಂದರೆ ಮೊದಲು ನೆನಪಾಗುವುದು ಅದರ ಅಭಾವ. ಅನಂತಪುರ ಪ್ರಾಂತದಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ನಂದಿಬೆಟ್ಟದ ಬಳಿ ಹುಟ್ಟಿ, ಗೌರಿಬಿದನೂರನ್ನು ಹಾದು ಹಿಂದೂಪುರದ ಕಡೆಗೆ ಬರುವ ಉತ್ತರ ಪಿನಾಕಿನಿಯನ್ನು ನಾವು ಹೆಚ್ಚಾಗಿ ಮರಳಿನ ರೂಪದಲ್ಲಿಯೇ ಕಂಡವರು. ಕಲ್ಯಾಣದುರ್ಗದವರಿಗೆ ಪರಿಚಿತವಾದ ವೇದಾವತಿಯೂ ಕನ್ನಡನಾಡಿನ ಹಿರಿಯೂರು ಸೀಮೆಯನ್ನು ದಾಟಿ ಬಂದು ಭೈರವಾನಿತಿಪ್ಪದ ಜಲಾಶಯಕ್ಕೆ ಸೇರುವ ಹೊತ್ತಿಗೆ ಸೊರಗಿರುವುದೇ ಹೆಚ್ಚು. ಇಂಥ ನಾಡಿನ ಶಾಲೆಯೊಂದರ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಮೀನು ಸಾಕಣೆಯ ಲೇಖನವೇಕೆ ಎಂದು ಕೆಲವರು ಕೇಳಬಹುದು.

ನೀರು ಕಡಿಮೆಯಾದುದರಿಂದಲೇ ಈ ವಿಷಯ ನಮಗೆ ಮುಖ್ಯವಾದುದು. ನಮ್ಮ ಕೆರೆಗಳಲ್ಲಿ ಅನೇಕವು ಮಳೆಗಾಲದಲ್ಲಿ ತುಂಬಿ ಬೇಸಿಗೆಯ ಹೊತ್ತಿಗೆ ಬತ್ತುವಂಥವು. ಬಿತ್ತನೆ ಮರಿಗಳನ್ನು ಬಿಟ್ಟವನು ನೀರು ಇಂಗುವುದರೊಳಗೆ ಅವು ಮಾರಾಟದ ತೂಕಕ್ಕೆ ಬರುವಂತೆ ನೋಡಿಕೊಳ್ಳಬೇಕು. ನಡುವೆ ರೋಗ ತಗುಲಿದರೆ, ಅಥವಾ ಹಾಕಿದ ಮೇವು ಮೈಗೆ ಹತ್ತದಿದ್ದರೆ, ಕಳೆದ ತಿಂಗಳು ಮತ್ತೆ ಬರುವುದಿಲ್ಲ. ಆದುದರಿಂದ ತಿಂದ ಆಹಾರ ಮೀನಿನ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ ವಿಜ್ಞಾನಿಗೆ ಮಾತ್ರ ಸೇರಿದ್ದಲ್ಲ.

ಮೀನಿನ ಮೇವು ಮತ್ತು ನಮ್ಮ ಕಡಲೆಕಾಯಿ

ಕಾಟ್ಲಾ, ರೋಹು, ಮೃಗಾಲ ಇವು ನಮ್ಮ ದೇಶದ ಮುಖ್ಯ ಗೆಂಡೆ ಜಾತಿಯ ಮೀನುಗಳು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಹಾರ್ಮೋನ್ ಚುಚ್ಚುಮದ್ದಿನಿಂದ ಗೆಂಡೆಗಳಲ್ಲಿ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದ ಮೇಲೆ, ಬಿತ್ತನೆ ಮರಿಗಾಗಿ ಹೊಳೆಗಳನ್ನೇ ನಂಬಿರಬೇಕಾದ ಕಾಲ ಮುಗಿಯಿತು. ಆಂಧ್ರದ ಕೊಲ್ಲೇರು ಪ್ರದೇಶದಲ್ಲಿ ಈ ಸಾಕಣೆ ದೊಡ್ಡ ಉದ್ಯಮವಾಗಿ ಬೆಳೆಯಿತು. ಅಲ್ಲಿ ಕೊಳದ ನಡುವೆ ನೆಟ್ಟ ಗಳುಗಳಿಗೆ ತೂತಿನ ಚೀಲಗಳನ್ನು ಕಟ್ಟಿ ಮೇವು ಕೊಡುವುದು ರೂಢಿ. ಆ ಮೇವು ಬಹುಮಟ್ಟಿಗೆ ಅಕ್ಕಿ ತೌಡು ಮತ್ತು ಎಣ್ಣೆ ತೆಗೆದ ಹಿಂಡಿ. ಕಡಲೆಕಾಯಿ ಹಿಂಡಿಯನ್ನೂ ತೌಡನ್ನೂ ಸಮಭಾಗವಾಗಿ ಬೆರೆಸುವುದು ಹಳೆಯ ಸೂತ್ರ. ಕಡಲೆಕಾಯಿ ಬೆಳೆಯುವ ನಾವು, ಹೀಗೆ ತಿಳಿಯದೆಯೇ ಮೀನಿನ ಊಟದಲ್ಲಿ ಪಾಲುದಾರರು.

ಆದರೆ ಹಿಂಡಿ ಮತ್ತು ತೌಡಿನಲ್ಲಿರುವುದೆಲ್ಲ ಮೀನಿಗೆ ದಕ್ಕುವುದಿಲ್ಲ. ಸಸ್ಯದ ನಾರು ಸುಲಭವಾಗಿ ಜೀರ್ಣವಾಗದು. ರಂಜಕದ ಬಹುಭಾಗ ಫೈಟೇಟ್ ಎಂಬ ರೂಪದಲ್ಲಿ ಬೀಗ ಹಾಕಿದಂತೆ ಉಳಿದಿರುತ್ತದೆ. ಅದನ್ನು ಬಿಡಿಸುವ ಫೈಟೇಸ್ ಎಂಬ ಕಿಣ್ವ ಮೀನಿನ ದೇಹದಲ್ಲಿ ಸಾಕಷ್ಟು ಇಲ್ಲ. ಹಾಗಾಗಿ ರೈತ ಹಣ ಕೊಟ್ಟು ತಂದ ರಂಜಕ ಮೀನಿನ ಮಲದೊಡನೆ ನೀರಿಗೆ ಸೇರಿ, ಪಾಚಿಯನ್ನು ಬೆಳೆಸಿ, ನೀರನ್ನು ಕೆಡಿಸುತ್ತದೆ. ಬಿಡಿಸಬಲ್ಲವರು ಬೇರೆ ಯಾರಾದರೂ ಇದ್ದಾರೆಯೇ? ಇದ್ದಾರೆ, ಮೀನಿನ ಕರುಳಿನಲ್ಲಿಯೇ ಇದ್ದಾರೆ.

ಹೆಪ್ಪಿನ ನ್ಯಾಯ

ನಮ್ಮ ತಾಯಂದಿರು ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಮೊಸರನ್ನು ಹಾಕಿ ಮುಚ್ಚಿಡುತ್ತಾರೆ. ಹೆಪ್ಪಿನಲ್ಲಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ರಾತ್ರಿಯೊಳಗೆ ಹಾಲನ್ನೆಲ್ಲ ಆವರಿಸಿಕೊಂಡು ಅದನ್ನು ಹುಳಿಯಾಗಿಸುತ್ತವೆ. ಆ ಹುಳಿಯಲ್ಲಿ ಕೊಳೆಸುವ ಜೀವಿಗಳು ತಲೆಯೆತ್ತಲಾರವು. ಒಳ್ಳೆಯ ಜೀವಿ ಮೊದಲೇ ಜಾಗ ಹಿಡಿದರೆ ಕೆಟ್ಟ ಜೀವಿಗೆ ಎಡೆಯಿಲ್ಲ ಎಂಬುದೇ ಪ್ರೋಬಯಾಟಿಕ್ ವಿಚಾರದ ತಿರುಳು. ಕಳೆದ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫ್ ಮೊಸರಿಗೂ ಆರೋಗ್ಯಕ್ಕೂ ಇರುವ ನಂಟನ್ನು ವಿಜ್ಞಾನದ ಚರ್ಚೆಗೆ ತಂದರು. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಅಂಗಸಂಸ್ಥೆಗಳು ಕರೆದ ತಜ್ಞರ ಸಭೆ, ತಕ್ಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆಶ್ರಯ ಕೊಟ್ಟ ಜೀವಿಗೆ ಹಿತವನ್ನುಂಟುಮಾಡುವ ಸಜೀವ ಸೂಕ್ಷ್ಮಾಣುಗಳೇ ಪ್ರೋಬಯಾಟಿಕ್‌ಗಳು ಎಂದು ಅರ್ಥ ಹೇಳಿತು.

ಮೀನಿನ ವಿಷಯದಲ್ಲಿ ಎರಡು ವಿಶೇಷಗಳುಂಟು. ಮೀನು ಬದುಕುವುದೇ ಸೂಕ್ಷ್ಮಾಣುಗಳ ನಡುವೆ. ನೀರಿನಲ್ಲಿರುವುದು ಕ್ಷಣಕ್ಷಣಕ್ಕೂ ಅದರ ಬಾಯಿಗೂ ಕಿವಿರಿಗೂ ಹೋಗುತ್ತದೆ. ಆದುದರಿಂದ ಕರುಳಿನ ಆರೋಗ್ಯವನ್ನು ನೀರಿನ ಆರೋಗ್ಯದಿಂದ ಬೇರ್ಪಡಿಸಲಾಗದು. ಎರಡನೆಯದಾಗಿ, ಗೆಂಡೆ ಜಾತಿಯ ಮೀನುಗಳಿಗೆ ನಮಗಿರುವಂಥ ಜಠರವಿಲ್ಲ. ನುಂಗಿದ್ದು ನೇರವಾಗಿ ಕರುಳನ್ನು ಸೇರುವುದರಿಂದ ಜಠರಾಮ್ಲದ ತಡೆ ಅಲ್ಲಿಲ್ಲ. ಮಿತ್ರನಿಗೂ ಶತ್ರುವಿಗೂ ದಾರಿ ಒಂದೇ ರೀತಿ ತೆರೆದಿದೆ.

ಮಿತ್ರರು ಮಾಡುವ ಕೆಲಸ

ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಅರುಣ್ ಕುಮಾರ್ ರೇ, ಕೌಶಿಕ್ ಘೋಷ್ ಮುಂತಾದವರು ರೋಹು ಮರಿಗಳ ಕರುಳಿನಿಂದ ಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ, ಅವು ಪಿಷ್ಟ, ಪ್ರೋಟೀನ್, ಸಸ್ಯನಾರುಗಳನ್ನು ಒಡೆಯುವ ಕಿಣ್ವಗಳನ್ನು ತಯಾರಿಸುತ್ತವೆ ಎಂದು ತೋರಿಸಿದರು. ಅಂಥ ಬ್ಯಾಕ್ಟೀರಿಯಾವನ್ನು ಮತ್ತೆ ಮೇವಿನಲ್ಲಿ ಬೆರೆಸಿ ರೋಹು ಮರಿಗಳಿಗೆ ಕೊಟ್ಟು ಬೆಳವಣಿಗೆಯನ್ನು ಅಳೆದರು. ಫೈಟೇಸನ್ನು ತಯಾರಿಸುವ ಬ್ಯಾಕ್ಟೀರಿಯಾಗಳೂ ಮೀನಿನ ಕರುಳಿನಲ್ಲಿ ದೊರೆತಿವೆ.

ಜೀರ್ಣಕ್ಕೆ ನೆರವಾಗುವುದಲ್ಲದೆ ಈ ಮಿತ್ರರು ಕಾವಲನ್ನೂ ಕಾಯುತ್ತವೆ. ಕರುಳಿನ ಗೋಡೆಯ ಮೇಲೆ ಜಾಗವನ್ನು ಮೊದಲೇ ಹಿಡಿಯುತ್ತವೆ. ಆಮ್ಲಗಳನ್ನೂ ಬ್ಯಾಕ್ಟೀರಿಯೋಸಿನ್ ಎಂಬ ಪ್ರತಿರೋಧಕ ಪ್ರೋಟೀನುಗಳನ್ನೂ ಸ್ರವಿಸುತ್ತವೆ. ರೋಗಾಣುವಿಗೆ ಬೇಕಾದ ಕಬ್ಬಿಣವನ್ನು ತಾವೇ ಸೆಳೆದುಕೊಳ್ಳುತ್ತವೆ. ಮೀನಿನ ರೋಗನಿರೋಧಕ ಶಕ್ತಿಯನ್ನು ಎಚ್ಚರವಾಗಿಡುತ್ತವೆ. ಗೆಂಡೆಗಳಿಗೆ ಹುಣ್ಣನ್ನೂ ಹೊಟ್ಟೆಯುಬ್ಬರವನ್ನೂ ತರುವ ಏರೋಮೊನಾಸ್ ಹೈಡ್ರೋಫಿಲಾ ಇವು ತಡೆಯಬೇಕಾದ ಮುಖ್ಯ ಶತ್ರು.

ಔಷಧಿ ಸೋತಾಗ

ರೋಗ ಬಂದರೆ ಆ್ಯಂಟಿಬಯಾಟಿಕ್ ಹಾಕಿದರಾಗದೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರವನ್ನು ನಮ್ಮ ಕನ್ನಡನಾಡಿನಲ್ಲಿಯೇ ಕಾಣಬಹುದು. 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ ದೇಶದಲ್ಲಿಯೇ ಈ ಬಗೆಯ ಮೊದಲನೆಯದು. ಅಲ್ಲಿಯ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಸಹೋದ್ಯೋಗಿಗಳು 1994ರಲ್ಲಿ ಒಂದು ಕಳವಳಕಾರಿ ವರದಿಯನ್ನು ಪ್ರಕಟಿಸಿದರು: ಮರಿ ಉತ್ಪಾದನಾ ಕೇಂದ್ರದಲ್ಲಿ ಸೀಗಡಿ ಮರಿಗಳ ಸಾಮೂಹಿಕ ಸಾವಿಗೆ, ಔಷಧಿಗಳಿಗೆ ಬಗ್ಗದ ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾ ಕಾರಣವಾಗಿತ್ತು. ಔಷಧಿಯನ್ನು ಪದೇಪದೇ ಹಾಕಿದಲ್ಲಿ ಅದಕ್ಕೆ ಸಾಯದವುಗಳೇ ಉಳಿದು ಸಂತತಿ ಬೆಳೆಸುತ್ತವೆ. ಜೊತೆಗೆ ಔಷಧಿ ಮಿತ್ರರನ್ನೂ ಕೊಲ್ಲುತ್ತದೆ. ತೆರವಾದ ಜಾಗಕ್ಕೆ ಬರುವವನು ಶತ್ರುವೂ ಆಗಬಹುದು. ಅದರ ಶೇಷ ಮೀನಿನ ಮಾಂಸದ ಮೂಲಕ ಮನುಷ್ಯನನ್ನು ಸೇರುವ ಭಯವೂ ಇದೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗಳಂಥವನ್ನು ಸಾಕಣೆಯಲ್ಲಿ ನಿಷೇಧಿಸಿರುವುದು ಇದಕ್ಕಾಗಿಯೇ.

ಮಿತ್ರನನ್ನು ಪರೀಕ್ಷಿಸುವ ಬಗೆ

ಕರುಳಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಎಲ್ಲವೂ ಮಿತ್ರನಲ್ಲ; ಏರೋಮೊನಾಸ್ ಕೂಡ ಆರೋಗ್ಯವಂತ ಮೀನಿನ ಕರುಳಿನಲ್ಲಿ ಇರಬಲ್ಲದು. ಆದುದರಿಂದಲೇ ಆರಂಭದಲ್ಲಿ ಅದನ್ನು ಸಂಭಾವ್ಯ ಪ್ರೋಬಯಾಟಿಕ್ ಎಂದು ಮಾತ್ರ ಕರೆಯುತ್ತಾರೆ. ಉಪವಾಸವಿರಿಸಿದ ಆರೋಗ್ಯವಂತ ಮೀನಿನ ಕರುಳನ್ನು ತೆಗೆದು, ಅರೆದು, ದ್ರಾವಣವನ್ನು ಹಂತಹಂತವಾಗಿ ತೆಳುವಾಗಿಸಿ, ಅಗರ್ ತಟ್ಟೆಯ ಮೇಲೆ ಹರಡಿ, ಬೆಳೆದ ಗುಂಪುಗಳನ್ನು ಬೇರ್ಪಡಿಸುತ್ತಾರೆ. ಪಿಷ್ಟವಿರುವ ತಟ್ಟೆಯಲ್ಲಿ ಬೆಳೆಸಿ ಅಯೋಡಿನ್ ಹಾಕಿದಾಗ ಗುಂಪಿನ ಸುತ್ತ ತಿಳಿಯಾದ ವಲಯ ಕಂಡರೆ ಅದು ಪಿಷ್ಟವನ್ನು ಒಡೆಯುತ್ತಿದೆ ಎಂದರ್ಥ. ಅನಂತರ ಅದು ರೋಗಾಣುವನ್ನು ತಡೆಯುವುದೇ, ಪಿತ್ತರಸದಲ್ಲಿ ಬದುಕುವುದೇ, ರಕ್ತಕಣಗಳನ್ನು ಒಡೆಯುವ ದುರ್ಗುಣವಿದೆಯೇ, ಔಷಧಿ ನಿರೋಧಕತೆಯನ್ನು ಬೇರೆ ಬ್ಯಾಕ್ಟೀರಿಯಾಗಳಿಗೆ ದಾಟಿಸಬಲ್ಲದೇ ಎಂದು ನೋಡುತ್ತಾರೆ. ಕೊನೆಯದಾಗಿ, ಕೆಲವು ತೊಟ್ಟಿಗಳಲ್ಲಿ ಅದನ್ನು ಬೆರೆಸಿದ ಮೇವನ್ನೂ ಉಳಿದವುಗಳಲ್ಲಿ ಬೆರೆಸದ ಮೇವನ್ನೂ ಕೊಟ್ಟು ವಾರಗಟ್ಟಲೆ ಹೋಲಿಸುತ್ತಾರೆ. ಈ ಹೋಲಿಕೆಯಿಲ್ಲದೆ ಹೇಳಿದ ಗುಣಗಾನಕ್ಕೆ ಬೆಲೆಯಿಲ್ಲ.

ಸಾಕುವವರಿಗೆ ನಾಲ್ಕು ಮಾತು

ಮೊದಲನೆಯದು, ಪ್ರೋಬಯಾಟಿಕ್ ಜೀವವಿರುವ ವಸ್ತು. ಮೇವಿನ ಗುಳಿಗೆ ತಯಾರಿಸುವಾಗಿನ ಶಾಖಕ್ಕೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಬೀಜಾಣುವಿನ ಗಟ್ಟಿ ಕವಚವಿರುವ ಬ್ಯಾಸಿಲಸ್‌ಗಳು ಹೆಚ್ಚು ತಾಳುತ್ತವೆ. ಗುಳಿಗೆ ಆರಿದ ಮೇಲೆ ಎಣ್ಣೆಯೊಡನೆ ಲೇಪಿಸುವುದು ಕ್ಷೇಮ. ಬಿಸಿಲಿನಲ್ಲಿ ಬಿದ್ದಿದ್ದ, ಅವಧಿ ಮೀರಿದ ಪೊಟ್ಟಣದಿಂದ ಪ್ರಯೋಜನವಿಲ್ಲ.

ಎರಡನೆಯದು, ಪ್ರಮಾಣ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಒಂದು ಗ್ರಾಂ ಮೇವಿಗೆ ಹತ್ತು ಲಕ್ಷದಿಂದ ಹತ್ತು ಕೋಟಿ ಸಜೀವ ಕೋಶಗಳನ್ನು ಬಳಸುತ್ತಾರೆ. ಪೊಟ್ಟಣದ ಮೇಲೆ ಬ್ಯಾಕ್ಟೀರಿಯಾದ ಹೆಸರೂ ಸಂಖ್ಯೆಯೂ ಇಲ್ಲದಿದ್ದರೆ ಕೊಳ್ಳಬೇಡಿ. ಆ್ಯಂಟಿಬಯಾಟಿಕ್ ಜೊತೆಯಲ್ಲಿ ಕೊಡುವುದು ಒಂದು ಕೈಯಿಂದ ನೆಟ್ಟು ಮತ್ತೊಂದು ಕೈಯಿಂದ ಕಿತ್ತಂತೆ.

ಮೂರನೆಯದು, ಇದು ಬೂಷ್ಟು ಹಿಡಿದ ಹಿಂಡಿಗೆ ಪರಿಹಾರವಲ್ಲ. ತೇವ ತಗುಲಿದ ಕಡಲೆಕಾಯಿಯಲ್ಲಿ ಆಸ್ಪರ್ಜಿಲಸ್ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಅದು ಮೀನಿನ ಯಕೃತ್ತನ್ನು ಕೆಡಿಸುತ್ತದೆ. ನಮ್ಮ ಸೀಮೆಯಲ್ಲಿ ಇದನ್ನು ಮರೆಯಲೇಬಾರದು.

ನಾಲ್ಕನೆಯದು, ನೀರು. ಮೊಣಕೈವರೆಗೆ ತೋಳನ್ನು ಇಳಿಸಿದಾಗ ಅಂಗೈ ಕಾಣದಷ್ಟು ಹಸಿರು ದಟ್ಟವಾಗಿದ್ದರೆ ಮೇವನ್ನು ಕಡಿಮೆ ಮಾಡಬೇಕು. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅವಕ್ಕೆ ಬೇಕಾದುದು ಆಮ್ಲಜನಕ, ಪೊಟ್ಟಣವಲ್ಲ.

ನಮ್ಮ ಶಾಲೆಯ ಮಕ್ಕಳು ಗಡಿಯ ಎರಡೂ ಕಡೆಯ ನೀರನ್ನು ಕುಡಿದು, ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು ನುಡಿಯನ್ನಾಡಿ ಬೆಳೆದವರು. ಅವರಲ್ಲಿ ಕೆಲವರಾದರೂ ಸೂಕ್ಷ್ಮದರ್ಶಕದ ಮುಂದೆ ಕುಳಿತು, ನಮ್ಮ ಕೆರೆಯ ಮೀನಿನಲ್ಲಿಯೇ ನಮ್ಮ ಹಿಂಡಿಯನ್ನು ಜೀರ್ಣಿಸಬಲ್ಲ ಮಿತ್ರನನ್ನು ಹುಡುಕಲಿ. ಕಂಡುದನ್ನು ಕನ್ನಡದಲ್ಲಿ ಬರೆದು, ಕೆರೆ ಏರಿಯ ಮೇಲೆ ಬಲೆ ಹೊತ್ತು ನಿಂತವನಿಗೂ ತಿಳಿಯುವಂತೆ ಹೇಳಲಿ. ಐವತ್ತು ವರ್ಷ ಅಕ್ಷರ ಕಲಿಸಿದ ಶಾಲೆಗೆ ಅದಕ್ಕಿಂತ ಒಳ್ಳೆಯ ಗುರುದಕ್ಷಿಣೆ ನನಗೆ ತೋರದು.