ನೌಕರಿ ಬಿಟ್ಟ ಮೇಲೆ ಔಷಧದ ವ್ಯವಸ್ಥೆ

ನೌಕರಿಯಲ್ಲಿರುವಷ್ಟು ದಿನ ಆಸ್ಪತ್ರೆಯ ಖರ್ಚಿನ ಚಿಂತೆ ನಮ್ಮನ್ನು ಅಷ್ಟಾಗಿ ಬಾಧಿಸುವುದಿಲ್ಲ. ನಿವೃತ್ತಿಯೊಡನೆ ಕಂಪನಿಯ ವಿಮೆ ಸಾಮಾನ್ಯವಾಗಿ ಮುಗಿಯುತ್ತದೆ. ಕಾಯಿಲೆಗಳು ತಲೆಯೆತ್ತುವುದೂ ಆಗಲೇ. ಏಜೆಂಟರ ಮಾತಿಗೆ ಸಹಿ ಹಾಕುವ ಮೊದಲು ನಮಗೆ ಸಲ್ಲುವುದು ಏನೇನಿದೆ ಎಂದು ನೋಡಿಕೊಳ್ಳೋಣ.

ಮೊದಲನೆಯದು ಇ.ಎಸ್.ಐ. ೧೯೫೪ರಲ್ಲಿ ಮುಂಬಯಿಗೆ ಬಂದ ಈ ಯೋಜನೆಯನ್ನು ಗಿರಣಿಯವರಲ್ಲಿ ಅರಿಯದವರಿಲ್ಲ. ಆದರೆ ನಿವೃತ್ತಿಯಾದರೆ ಅದೂ ಹೋಯಿತೆಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ವಯಸ್ಸು ತುಂಬಿ ನಿವೃತ್ತರಾದವರು ವರ್ಷಕ್ಕೆ ೧೨೦ ರೂಪಾಯಿ ಮುಂಗಡ ಕಟ್ಟಿದರೆ ಗಂಡಹೆಂಡಿರಿಬ್ಬರಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಅಂದರೆ ತಿಂಗಳಿಗೆ ಹತ್ತು ರೂಪಾಯಿ. ಒಂದು ಕಟಿಂಗ್ ಚಹಾಕ್ಕೆ ಸಾಕಾದೀತೋ ಇಲ್ಲವೋ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ದಿನದ ಗುಳಿಗೆಗಳೂ ಇದರಲ್ಲಿ ದೊರೆಯುತ್ತವೆ. ಸಾಲಿನಲ್ಲಿ ನಿಲ್ಲಬೇಕು, ನಿಜ. ನಿವೃತ್ತನಿಗೆ ಹೊತ್ತಿಗೇನು ಕೊರತೆ? ವಿಮಾ ನಂಬರಿನ ಕಾರ್ಡನ್ನೂ ನಿವೃತ್ತಿಯ ದಾಖಲೆಯನ್ನೂ ಕೆಲಸದ ಕೊನೆಯ ದಿನವೇ ಕೇಳಿ ಪಡೆಯಿರಿ. ಬಾಗಿಲು ಮುಚ್ಚಿದ ಗಿರಣಿಯಲ್ಲಿ ಕಾಗದ ಬರೆದುಕೊಡುವವರು ಸಿಗುವುದಿಲ್ಲ.

ಎರಡನೆಯದು ೨೦೨೪ರ ಅಕ್ಟೋಬರ್ ೨೯ರಂದು ಆರಂಭವಾದ ಆಯುಷ್ಮಾನ್ ವಯ ವಂದನಾ ಕಾರ್ಡು. ಎಪ್ಪತ್ತು ತುಂಬಿದವರಿಗೆ, ಆದಾಯ ಎಷ್ಟೇ ಇರಲಿ, ಮನೆಯ ಆ ವಯಸ್ಸಿನವರೆಲ್ಲ ಸೇರಿ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಹಳೆಯ ಕಾಯಿಲೆಗೂ ಕಾಯಬೇಕಾಗಿಲ್ಲ. ಇ.ಎಸ್.ಐ. ಇದ್ದವರೂ ಪಡೆಯಬಹುದು. ಆದರೆ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ. ದಿನದ ಗುಳಿಗೆಗೆ ಇದು ಬಾರದು. ಆದುದರಿಂದ ಒಂದು ಬಂತೆಂದು ಇನ್ನೊಂದನ್ನು ಬಿಡಬೇಡಿರಿ.

ಅರುವತ್ತರಿಂದ ಎಪ್ಪತ್ತರವರೆಗಿನ ಹತ್ತು ವರ್ಷವೇ ಕಷ್ಟದ್ದು. ಸಂಬಳ ಹೆಚ್ಚಿ ಇ.ಎಸ್.ಐ.ಯಿಂದ ಹೊರಬಿದ್ದ ಗುಮಾಸ್ತರಿಗಂತೂ ಖಾಸಗಿ ವಿಮೆಯ ವಿಚಾರ ಇಲ್ಲಿಯೇ ಬರುತ್ತದೆ. ೬೫ ದಾಟಿದವರಿಗೆ ಪಾಲಿಸಿಯಿಲ್ಲವೆಂಬ ತಡೆ ೨೦೨೪ರಲ್ಲಿ ಹೋಯಿತು. ಆದರೂ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಹಣ ಸಿಗದಿರಬಹುದು. ೫೮ಕ್ಕೆ ನಿವೃತ್ತಿಯಿದ್ದರೆ ೫೫ಕ್ಕೇ ತೆಗೆದುಕೊಂಡವನು ಜಾಣ.

ಕಂತು ಕಡಿಮೆಯೆಂದು 'ಟಾಪ್ ಅಪ್' ಪಾಲಿಸಿಗೆ ಮರುಳಾಗಬೇಡಿರಿ. ೫ ಲಕ್ಷದ ಮೇಲಿನದ್ದಕ್ಕೆ ಮಾತ್ರ ಎಂದಿದ್ದರೆ, ೭ ಲಕ್ಷದ ಬಿಲ್ಲಿನಲ್ಲಿ ಅದು ಕೊಡುವುದು ೨ ಲಕ್ಷ; ೩ ಲಕ್ಷದ ಬಿಲ್ಲಿಗೆ ಒಂದು ಕಾಸೂ ಇಲ್ಲ. ನೂರಕ್ಕೆ ೨೦ ನಿಮ್ಮ ಪಾಲು ಎಂಬ ಷರತ್ತಿದ್ದರೆ ೨ ಲಕ್ಷದಲ್ಲಿ ೪೦ ಸಾವಿರ ಕೈಯಿಂದ ಹೋಗುತ್ತದೆ. ಅರ್ಜಿಯಲ್ಲಿ ನಿಮ್ಮ ಕಾಯಿಲೆಗಳನ್ನು ಮುಚ್ಚಿಡದೆ ಬರೆಯಿಸಿರಿ. ಏಜೆಂಟನು ಬೇಡವೆಂದರೂ ಬರೆಯಿಸಿರಿ. ಅರ್ಜಿ ಇಂಗ್ಲಿಷಿನಲ್ಲಿದ್ದು ತಿಳಿಯದಿದ್ದರೆ ಸಹಿ ಹಾಕುವ ಮೊದಲು ವಾಚನಾಲಯಕ್ಕೆ ತನ್ನಿರಿ, ಕೂಡಿ ಓದೋಣ.